ಅಂಗೈಯ ಗೆರೆ ಕಾಣುವಷ್ಟು

ಅತ್ತೆ ಬಡಿದಳು, ಸೊಸೆ ಎಳೆದಳು. ಬೆಳಗಿನಿಂದ ಇಬ್ಬರ ನಡುವೆ ನಡೆದದ್ದು ಇಷ್ಟೇ. ಹಿತ್ತಿಲ ಕಲ್ಲಿಗೆ ಶಂಖವನ್ನು ಒರಗಿಸಿ, ತುದಿಯ ಸುರುಳಿಗಳ ಕೆಳಗೆ ಅತ್ತೆ ಸುತ್ತಿಗೆಯ ಮೊನೆಯಿಂದ ಒಂದೇ ಪೆಟ್ಟು ಹಾಕುತ್ತಿದ್ದಳು. ಒಂದು ಸಣ್ಣ ತೂತು. ಅದರೊಳಗೆ ಕಿರಿದಾದ ಚಾಕು ತೂರಿಸಿ, ಚಿಪ್ಪಿಗೆ ಕಚ್ಚಿಕೊಂಡಿರುವ ಜಾಗವನ್ನು ಕೊಯ್ದು ಸೊಸೆಯ ಕಡೆ ತಳ್ಳಿದರೆ, ಸೊಸೆ ಶಂಖದ ಬಾಯಲ್ಲಿ ಇಣುಕುವ ಶಂಖದ ಹುಳುವಿನ ಕಂದು ಉಗುರನ್ನು ಹಿಡಿದು ಎಳೆಯುತ್ತಿದ್ದಳು. ಒಳಗಿನದು ಲೊಚಕ್ಕೆಂದು ಇಡಿಯಾಗಿ ಹೊರಗೆ ಬರುತ್ತಿತ್ತು.

ತೂತು ಸ್ವಲ್ಪ ಮೇಲೆ ಬಿದ್ದರೆ ಚಾಕುವಿಗೆ ಎಟುಕುವುದಿಲ್ಲ, ಕೆಳಗೆ ಬಿದ್ದರೆ ಮಾಂಸ ಹರಿಯುತ್ತದೆ. ಅತ್ತೆಯ ಪೆಟ್ಟು ತಪ್ಪಿದ್ದನ್ನು ಯಾರೂ ಕಂಡವರಿಲ್ಲ. ಬಂದರಿನ ಹೋಟೆಲಿನವರೆಲ್ಲ ಶಂಖದ ಮಾಂಸ ಇವಳ ಮನೆಯದೇ ಬೇಕೆನ್ನುತ್ತಿದ್ದರು. ಮಾಂಸ ಬಡಿಯಲು ಇವಳು ಹಿಡಿಯುವ ಮರದ ಕೊಡತಿಯಿಂದಾಗಿ ಊರಿಗೆಲ್ಲ ಇವಳು ಕೊಡತಿಯಮ್ಮ. ಹೆತ್ತವರಿಟ್ಟ ಹೆಸರು ಇವಳಿಗೇ ಮರೆತುಹೋದಂತಿತ್ತು.

ಇವತ್ತಿನ ಶಂಖ ಹೋಟೆಲಿಗಲ್ಲ. ಮಧ್ಯಾಹ್ನ ಮೆಕ್ಯಾನಿಕ್ ತನ್ನ ಅಕ್ಕನನ್ನು ಕರೆದುಕೊಂಡು ಊಟಕ್ಕೆ ಬರುವವನಿದ್ದ. ಊಟವಾದ ಮೇಲೆ ಮದುವೆಯ ದಿನ ಗೊತ್ತುಮಾಡುವುದು. ಮದುವೆ ಸೊಸೆಯದು.

ಈ ಮಾತನ್ನು ಎತ್ತಿದವಳು ಅತ್ತೆಯೇ. ಅವಳ ಮಗ ಸಮುದ್ರದಲ್ಲಿ ಮುಳುಗಿ ಶಂಖ ತೆಗೆಯುವವನಾಗಿದ್ದ. ಎರಡು ವರ್ಷದ ಹಿಂದೆ ಒಂದು ದಿನ ಮುಳುಗಿದವನನ್ನು ಜೊತೆಯವರು ಮೇಲೆ ತರುವಷ್ಟರಲ್ಲಿ ಉಸಿರಿರಲಿಲ್ಲ. ಆಮೇಲೆ ಸೊಸೆ ಮಾತಾಡುತ್ತಿದ್ದಳು, ಉಣ್ಣುತ್ತಿದ್ದಳು, ಮಗುವಿನ ತಲೆ ಬಾಚುತ್ತಿದ್ದಳು, ನಗುತ್ತಿರಲಿಲ್ಲ. ಹೋದ ತಿಂಗಳು ಇಬ್ಬರೂ ಬಂದರಿಗೆ ಮಾಂಸ ಕೊಡಲು ಹೋದಾಗ, ದೂರದ ಊರಿನಿಂದ ರಿಪೇರಿಗೆ ಬಂದು ದೋಣಿಯ ಎಂಜಿನ್ ಬಿಚ್ಚಿಕೊಂಡು ಕೂತಿದ್ದ ಮೆಕ್ಯಾನಿಕ್ ಏನೋ ಅಂದ. ಸೊಸೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕುಬಿಟ್ಟಳು. ಮಾರನೆಯ ದಿನ ಅತ್ತೆ ತಾನೇ ಹೋಗಿ ಮೆಕ್ಯಾನಿಕ್‌ನ ಎದುರು ನಿಂತು, "ನೋಡಪ್ಪ, ಸುತ್ತಿಬಳಸಿ ಮಾತಾಡೋಕೆ ನಂಗೆ ಬರಲ್ಲ" ಎಂದು ಶುರುಮಾಡಿದ್ದಳು.

ಹೀಗೆ ದೊಡ್ಡ ಮನಸ್ಸು ಮಾಡುವಾಗ ಅವಳ ಮನಸ್ಸಿನ ಒಂದು ಮೂಲೆಯಲ್ಲಿ ಇನ್ನೊಂದು ಮಾತಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಹೇಳುವ ಅಗತ್ಯವಿದೆ ಎಂದೂ ಅನಿಸಿರಲಿಲ್ಲ. ಸೊಸೆ ಹೋಗುತ್ತಾಳೆ, ಮೊಮ್ಮಗಳು ಇರುತ್ತಾಳೆ. ಹೊಸ ಸಂಸಾರಕ್ಕೆ ಯಾರಾದರೂ ಹಳೆಯ ಮಗುವನ್ನು ಕಟ್ಟಿಕೊಂಡು ಹೋಗುತ್ತಾರೆಯೇ?

ಮೊಮ್ಮಗಳು ಈಗ ಹಿತ್ತಿಲ ಬಾಗಿಲಿಗೆ ಬಂದು ನಿಂತಳು. ಐದು ವರ್ಷ. ದುಂಡಗೆ, ಗಟ್ಟಿಯಾಗಿದ್ದಳೆಂದು ಹುಟ್ಟಿದ ದಿನವೇ ಅಪ್ಪ ಅವಳನ್ನು ಕಡ್ಲೆ ಅಂದಿದ್ದ, ಅದೇ ಉಳಿಯಿತು.

"ಅಜ್ಜಿ, ಅಲ್ಲಿ ನಂಗೆ ಕಿಟಕಿ ಪಕ್ಕದ ಮಂಚ ಅಂತೆ."

"ಎಲ್ಲಿ?"

"ಮೆಕ್ಯಾನಿಕ್ ಮಾಮನ ಮನೇಲಿ. ಕಿಟಕಿಯಿಂದ ರೈಲು ಕಾಣುತ್ತಂತೆ. ನೀನು ಬಂದಾಗ ನಿಂಗೂ ತೋರಿಸ್ತೀನಿ. ನೀನು ಅಳಬಾರ್ದು ಮತ್ತೆ."

"ಕಡ್ಲೆ, ಒಳಗೆ ಹೋಗು" ಎಂದಳು ಸೊಸೆ. "ಹೊಸ ಫ್ರಾಕಿಗೆ ಲೋಳೆ ಮೆತ್ಕೊಂಡ್ರೆ ಚರ್ಮ ಸುಲೀತೀನಿ."

ಮಗು ಒಳಗೆ ಹೋಯಿತು. ಸುತ್ತಿಗೆ ಅತ್ತೆಯ ಮಡಿಲಲ್ಲಿ ಬಿದ್ದಿತ್ತು.

"ಕರ್ಕೊಂಡು ಹೋಗ್ತೀಯಾ ಅವಳನ್ನ?"

"ನನ್ನ ಮಗಳಲ್ವಾ ಅತ್ತೆ."

"ಅಲ್ಲ ಅಂದ್ನಾ ನಾನು?" ಅತ್ತೆ ಶಂಖವೊಂದನ್ನು ಕೈಗೆತ್ತಿಕೊಂಡು ಹಾಗೆಯೇ ಇಟ್ಟಳು. "ಒಂದು ಮಾತು ಹೇಳ್ಲಿಲ್ಲ ನೀನು."

"ನೀವೂ ಕೇಳ್ಲಿಲ್ಲ."

"ಮೊದ್ಲೇ ಹೇಳಿದ್ರೆ…"

"ಹೇಳಿದ್ರೆ ಏನ್ ಮಾಡ್ತಿದ್ರಿ ಅತ್ತೆ?"

ಸೊಸೆ ಎದುರು ಮಾತಾಡುವವಳಲ್ಲ. ಈಗಲೂ ದನಿ ಏರಿಸಿರಲಿಲ್ಲ. ಕೈಯಲ್ಲಿದ್ದ ಚಾಕುವನ್ನೇ ನೋಡುತ್ತ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು. ಮೊದಲೇ ಗೊತ್ತಿದ್ದರೆ ತಾನು ಬಂದರಿಗೆ ಹೋಗಿ ಆ ಮಾತೆತ್ತುತ್ತಲೇ ಇರಲಿಲ್ಲ ಎಂಬುದು ಅತ್ತೆಗೆ ಆಗ ತಿಳಿಯಿತು. ಅದು ಸೊಸೆಗೆ ಮೊದಲೇ ತಿಳಿದಿತ್ತು ಎಂಬುದೂ ತಿಳಿಯಿತು.

ಉಳಿದ ಕೆಲಸ ಸಾಗಿತು. ಸೊಸೆ ಒಂದೊಂದನ್ನೂ ಹಲಗೆಯ ಮೇಲಿಟ್ಟು ಕರುಳಿನ ಚೀಲ ಕೊಯ್ದಳು. ಮೂತಿ, ಕಣ್ಣಿನ ಕಾಂಡ, ಉಗುರು, ಎಲ್ಲ ಬಕೆಟ್ಟಿಗೆ. ಹಳೆಯ ಬಟ್ಟೆಯ ಚೂರಿನಿಂದ ಹಿಡಿದು ಕಪ್ಪು ಸಿಪ್ಪೆಯನ್ನು ಕಾಲುಚೀಲದ ಹಾಗೆ ಸುಲಿದಳು. ಉಪ್ಪು ಹಾಕಿ ತಿಕ್ಕಿ, ನಿಂಬೆ ಹಿಂಡಿ ತಿಕ್ಕಿ, ಲೋಳೆ ಹೋಗಿ ಕೈಗೆ ಒರಟು ಸಿಗುವ ತನಕ ತೊಳೆದಳು. ಬೆಳ್ಳಗಿನ ತುಂಡುಗಳನ್ನು ತಟ್ಟೆಯಲ್ಲಿಟ್ಟು ಅತ್ತೆಯ ಮುಂದಿಟ್ಟಳು. ಬಡಿಯುವುದು ಅತ್ತೆಯ ಕೆಲಸ. ಮದುವೆಯಾಗಿ ಬಂದ ಹೊಸದರಲ್ಲಿ ಸೊಸೆ ಒಮ್ಮೆ ಕೊಡತಿಗೆ ಕೈ ಹಾಕಿದ್ದಕ್ಕೆ, "ನಿಂದು ಬಟ್ಟೆ ಒಗೆಯೋ ಕೈ. ಬಿಡು ಅದನ್ನ" ಎಂದು ಅತ್ತೆ ಕಿತ್ತುಕೊಂಡಿದ್ದಳು. ಆಮೇಲೆ ಅವಳು ಅದನ್ನು ಮುಟ್ಟಿರಲಿಲ್ಲ.

ಬಡಿಯದ ಶಂಖ ಒಲೆಯ ಮೇಲೆ ರಬ್ಬರಾಗುತ್ತದೆ. ದಪ್ಪನೆಯ ಕಡೆಯನ್ನು ಸೀಳಿ ಹರಡಿ, ಮೂರು ಪೆಟ್ಟು ಹಾಕಿ, ತಿರುಗಿಸಿ, ಮತ್ತೆ ಮೂರು ಪೆಟ್ಟು ಹಾಕಬೇಕು. ನಾರು ಬಿಟ್ಟುಕೊಳ್ಳುವ ತನಕ, ಆದರೆ ಹರಿಯದಂತೆ. ಕೊನೆಗೆ ಅಂಗೈ ಮೇಲೆ ಹರಡಿ ಬೆಳಕಿಗೆ ಹಿಡಿದರೆ ಅಂಗೈಯ ಗೆರೆ ಕಾಣಬೇಕು. ಗೆರೆ ಕಾಣದಿದ್ದರೆ ಅದು ಈ ಮನೆಯಿಂದ ಹೊರಗೆ ಹೋಗುತ್ತಿರಲಿಲ್ಲ. ಒಂದೇ ಒಂದು ಸಲ ಅತ್ತೆ ಬಡಿಯದ ಶಂಖ ಬಡಿಸಿದ್ದಳು. ತನ್ನ ಗಂಡ ಸತ್ತ ಹೊಸತರಲ್ಲಿ ಅವನ ಚಿಕ್ಕಪ್ಪನ ಮಗ ಮನೆ ತನಗೆ ಸೇರಬೇಕೆಂದು ಬಂದು ಕೂತಾಗ, ಮುಖದ ತುಂಬ ನಗು ತುಂಬಿಕೊಂಡು ಅವನ ತಟ್ಟೆಗೆ ಸುರಿದಿದ್ದಳು. ಅವನು ಒಂದು ತುಂಡನ್ನು ಅರ್ಧ ಗಂಟೆ ಅಗಿದು, ನುಂಗಲೂ ಆಗದೆ ಉಗುಳಲೂ ಆಗದೆ, ಅರ್ಥ ಮಾಡಿಕೊಂಡು ಎದ್ದುಹೋದ. ಮತ್ತೆ ಈ ಹೊಸ್ತಿಲು ತುಳಿಯಲಿಲ್ಲ. ಮಗ ಆ ಕಥೆಯನ್ನು ದವಡೆ ಆಡಿಸಿ ತೋರಿಸುತ್ತ ಹೇಳುತ್ತಿದ್ದ. ಆಗ ಸೊಸೆಯೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಅತ್ತೆ ಮೊದಲ ತುಂಡನ್ನು ಹಲಗೆಯ ಮೇಲಿಟ್ಟು ಕೊಡತಿ ಎತ್ತಿದಳು.

ಬೇಕೆಂದೇ ಮಾಡಿದಳು ಎನ್ನುವಂತಿಲ್ಲ, ಗೊತ್ತಿಲ್ಲದೆ ಮಾಡಿದಳು ಎನ್ನುವಂತೆಯೂ ಇಲ್ಲ. ಕೊಡತಿ ಏಳುತ್ತಿತ್ತು, ಇಳಿಯುತ್ತಿತ್ತು, ಭಾರ ಮಾತ್ರ ಇಳಿಯುತ್ತಿರಲಿಲ್ಲ. ಅಂಚನ್ನಷ್ಟೇ ತಟ್ಟಿ ಅಗಲ ಮಾಡಿ, ನಡುವನ್ನು ಹಾಗೇ ಬಿಟ್ಟು ಮುಂದಿನದಕ್ಕೆ ಹೋಗುತ್ತಿದ್ದಳು.

"ಏನ್ ಕೊಡತಿಯಮ್ಮ, ಮಗೂಗೆ ಜೋ ಜೋ ತಟ್ತಿದ್ದೀಯೋ ಶಂಖ ಬಡೀತಿದ್ದೀಯೋ?" ಪಕ್ಕದ ಮನೆಯ ಐಸ್ ಮಾರುವವಳು ಬಕೆಟ್ಟಿನಲ್ಲಿ ಐಸ್ ಹೊತ್ತು ತಂದು ಕುಕ್ಕಿದಳು. "ಬೀಗರು ಬರ್ತಾರೆ ಅಂತ ಕೈ ನಾಚ್ಕೊಂಡಿದೆಯಾ?"

"ನಿನ್ನ ಐಸ್ ಇಟ್ಟು ಹೋಗು."

"ಹೋಗ್ತೀನಮ್ಮ, ಇಲ್ಲೇ ಕೂತ್ರೆ ನನ್ನ ಗಂಟೂ ಕರಗಿ ಹೋಗುತ್ತೆ. ಅಲ್ಲ, ಆ ಮೆಕ್ಯಾನಿಕ್‌ನ ಅಕ್ಕ ಬಲು ಜೋರಂತೆ. ಹೋದ ವರ್ಷ ಒಂದು ಸಂಬಂಧ ಬಂದಿದ್ದನ್ನ, ಅವರ ಮನೆ ಕಾಫಿ ತಣ್ಣಗಿತ್ತು ಅಂತ ಬಿಟ್ಳಂತೆ. ತಮ್ಮ ಅಕ್ಕ ಹಾಕಿದ ಗೆರೆ ದಾಟಲ್ಲ. ಹುಷಾರು. ಹಲ್ಲು ಬೇರೆ ಅರ್ಧ ಇಲ್ಲ ಅವಳಿಗೆ."

"ಹಲ್ಲಿಲ್ದೇ ಇದ್ರೂ ನಾಲಿಗೆ ಇದೆಯಲ್ಲ, ನಿನ್ನ ಹಾಗೆ."

ಐಸಿನವಳು ನಗುತ್ತ ಹೋದಳು. ಸೊಸೆ ನಗಲಿಲ್ಲ. ಅತ್ತೆಯ ಕೈಯನ್ನೇ ನೋಡುತ್ತಿದ್ದಳು. ಅತ್ತೆ ಕೊನೆಯ ತುಂಡನ್ನು ತಟ್ಟೆಗೆ ಹಾಕಿ, ಅಂಗೈಗೆ ಹಿಡಿದು ನೋಡದೆ, "ಆಯ್ತು. ಒಲೆಗೆ ಹಾಕು" ಎಂದು ಮುಖ ತೊಳೆಯಲು ಒಳಗೆ ಹೋದಳು.

ಬಚ್ಚಲಲ್ಲಿ ಎರಡು ಚೊಂಬು ನೀರು ಮುಖಕ್ಕೆ ಎರಚಿಕೊಂಡಿದ್ದಳಷ್ಟೇ. ಹಿತ್ತಿಲಿನಿಂದ ಶಬ್ದ ಬಂತು. ಮೂರು ಪೆಟ್ಟು. ಒಂದು ಬಿಡುವು. ಮತ್ತೆ ಮೂರು. ತನ್ನ ಕೈಯ ಶಬ್ದವನ್ನು ದೂರದಿಂದ ಅವಳು ಯಾವತ್ತೂ ಕೇಳಿಸಿಕೊಂಡಿರಲಿಲ್ಲ. ಒದ್ದೆ ಮುಖದಲ್ಲೇ ಬಾಗಿಲಿಗೆ ಬಂದಳು.

ಸೊಸೆ ಬೆನ್ನು ಹಾಕಿ ಕೂತಿದ್ದಳು. ತಟ್ಟೆಯ ತುಂಡುಗಳನ್ನೆಲ್ಲ ಮತ್ತೆ ಹಲಗೆಗೆ ಸುರಿದುಕೊಂಡಿದ್ದಳು. ಮೊಣಕೈ ಮೈಗೆ ಒತ್ತಿ, ಮಣಿಕಟ್ಟಿನಿಂದಷ್ಟೇ ಬೀಸಿ, ಕೊಡತಿಯನ್ನು ತನ್ನ ಭಾರಕ್ಕೇ ಬೀಳಲು ಬಿಡುತ್ತಿದ್ದಳು. ಅತ್ತೆ ಯಾರಿಗೂ ಹೇಳಿಕೊಡದ ರೀತಿ ಅದು. ಇಷ್ಟು ವರ್ಷ ಎದುರು ಕೂತು ಬರೀ ಸಿಪ್ಪೆ ಸುಲಿಯುತ್ತಿದ್ದಾಳೆ ಅಂದುಕೊಂಡಿದ್ದೆನಲ್ಲ ಎಂದು ಅತ್ತೆಗೆ ಅನಿಸಿತು. ಒಂದು ತುಂಡನ್ನು ಸೊಸೆ ಅಂಗೈ ಮೇಲೆ ಹರಡಿ ಬೆಳಕಿಗೆ ಎತ್ತಿ ಹಿಡಿದಳು. ಸಾಲದೆಂದು ಕಂಡಿರಬೇಕು, ಮತ್ತೆ ಹಲಗೆಗೆ ಹಾಕಿದಳು. ಅವಳ ಹೆಗಲು ಅಲುಗುತ್ತಿತ್ತು. ಬಡಿಯುವುದಕ್ಕೆ ಅಲುಗುತ್ತಿದೆಯೋ ಅಳುವಿಗೋ, ಹಿಂದಿನಿಂದ ಹೇಳುವ ಹಾಗಿರಲಿಲ್ಲ.

ಹೋಗಬೇಕೆಂದಿದೆ ಇವಳಿಗೆ. ನಾನು ಕಳಿಸುತ್ತಿದ್ದೇನೆ ಎಂದಲ್ಲ, ಇವಳಿಗೇ ಹೋಗಬೇಕೆಂದಿದೆ. ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಳು.

ಸೊಸೆ ತಿರುಗಿ ನೋಡಿದಳು. ಕಣ್ಣು ಕೆಂಪಗಿತ್ತು. ಕೊಡತಿಯನ್ನು ಬಚ್ಚಿಡುವ ಹಾಗೆ ಒಮ್ಮೆ ಮಡಿಲಿಗೆಳೆದುಕೊಂಡು, ಮತ್ತೆ ಹಲಗೆಯ ಮೇಲಿಟ್ಟಳು.

"ಉಪ್ಪು ನೀವೇ ಹಾಕಿ ಅತ್ತೆ" ಎಂದಳು. "ನಂಗೆ ಇವತ್ತು ಅಂದಾಜು ಸಿಗಲ್ಲ."

ಅತ್ತೆ ಬಂದು ಉಪ್ಪು ಹಾಕಿದಳು. ಮೆಣಸು, ಈರುಳ್ಳಿ, ಬಿಸಿ ಎಣ್ಣೆ. ಇಬ್ಬರೂ ಒಂದೇ ಒಲೆಯ ಮುಂದೆ, ಒಬ್ಬರ ಕೈಗೆ ಒಬ್ಬರ ಕೈ ತಾಗದಂತೆ ಅಡುಗೆ ಮುಗಿಸಿದರು.

ಮೆಕ್ಯಾನಿಕ್ ಉಗುರಿನ ಸಂದಿಯ ಗ್ರೀಸನ್ನು ಉಜ್ಜಿ ಉಜ್ಜಿ ಬೆರಳು ಕೆಂಪಗೆ ಮಾಡಿಕೊಂಡು ಬಂದಿದ್ದ. ಹಣ್ಣಿನ ಚೀಲವನ್ನು ಯಾರ ಕೈಗೆ ಕೊಡಬೇಕೆಂದು ತಿಳಿಯದೆ ನಿಂತು, ಕೊನೆಗೆ ಕಡ್ಲೆಯ ಕೈಗೆ ಕೊಟ್ಟ. ಅವನ ಅಕ್ಕ ಕೂತವಳೇ ಗೋಡೆ, ಸೂರು, ನೆಲ ಎಲ್ಲವನ್ನೂ ಕಣ್ಣಲ್ಲೇ ಅಳೆದಳು. ತಟ್ಟೆ ಬಂದಾಗ ಹುಬ್ಬು ಗಂಟಿಕ್ಕಿದಳು.

"ಶಂಖವಾ? ನನ್ನ ಹಲ್ಲಿಗೂ ಇದಕ್ಕೂ ಆಗಿಬರಲ್ಲಮ್ಮ. ಹೋದ ಸಲ ಒಂದು ಕಡೆ ತಿಂದು ಇದ್ದ ಹಲ್ಲೂ ಅಲ್ಲೇ ಬಿಟ್ಟು ಬಂದೆ."

"ಒಂದು ಚೂರು ತಿಂದು ನೋಡಿ" ಎಂದಳು ಸೊಸೆ.

ಅಕ್ಕ ಸಣ್ಣ ತುಂಡೊಂದನ್ನು ಬಾಯಿಗಿಟ್ಟಳು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಆ ದವಡೆಯನ್ನೇ ನೋಡಿದಳು. ಅದು ಎರಡು ಸಲ ಆಡಿತು, ನಿಂತಿತು. ಅಕ್ಕ ತಮ್ಮನ ಮುಖ ನೋಡಿ, ಇನ್ನೊಂದು ತುಂಡಿಗೆ ಕೈ ಹಾಕಿದಳು.

"ಬಾಯಲ್ಲಿಟ್ರೆ ಬೆಣ್ಣೆ ಕರಗಿದ ಹಾಗೆ ಕರಗುತ್ತಲ್ಲೇ. ಯಾರು ಬಡಿದಿದ್ದು?"

ಸೊಸೆ ಬಡಿಸುತ್ತಿದ್ದ ಸೌಟು ಒಂದು ಕ್ಷಣ ಗಾಳಿಯಲ್ಲಿ ನಿಂತಿತು.

"ಅತ್ತೆ" ಎಂದಳು. "ಈ ಮನೇಲಿ ಕೊಡತಿ ಹಿಡಿಯೋದು ಅತ್ತೆ ಒಬ್ರೇ."

ಆಮೇಲೆ ಮಾತು ಹಗುರಾಯಿತು. ಅಕ್ಕ ಎರಡನೇ ಸಲ ಹಾಕಿಸಿಕೊಂಡಳು, ತನ್ನ ಗಂಡನ ಗೊರಕೆಯ ಬಗ್ಗೆ ಒಂದು ಕಥೆ ಹೇಳಿದಳು. ಮುಂದಿನ ಭಾನುವಾರದ ಮುಂದಿನ ಭಾನುವಾರ ಎಂದು ದಿನ ಗೊತ್ತಾಯಿತು. ಮದುವೆ ಸಣ್ಣದಾಗಿ ಮಾಡುವುದು, ಸಂಜೆಯ ರೈಲಿಗೇ ಮೂವರೂ ಹೊರಡುವುದು. ಮೂವರೂ ಎನ್ನುವಾಗ ಮೆಕ್ಯಾನಿಕ್ ತನ್ನ ಪಕ್ಕದಲ್ಲಿ ಕೂತು ಅವನದೇ ತಟ್ಟೆಯಿಂದ ತಿನ್ನುತ್ತಿದ್ದ ಕಡ್ಲೆಯ ತಲೆ ಮುಟ್ಟಿದ. ಅವಳು ತಲೆ ಎತ್ತದೆ ಇನ್ನೊಂದು ತುಂಡು ಬಾಯಿಗೆ ಹಾಕಿಕೊಂಡಳು. ಒಳ್ಳೆಯ ಹುಡುಗ. ಹುಡುಕಿದರೂ ಅವನಲ್ಲಿ ಒಂದು ತಪ್ಪು ಸಿಕ್ಕಲಿಲ್ಲವಲ್ಲ ಎಂದುಕೊಂಡಳು ಅತ್ತೆ.

"ನೀವೂ ಕೂತ್ಕೊಳ್ಳಿ ಅಮ್ಮ, ಆಗಿಂದ ನಿಂತೇ ಇದ್ದೀರ" ಎಂದ ಅವನು.

ಅತ್ತೆ ಕೂತಳು. ಸೊಸೆ ಅವಳ ಮುಂದೆ ತಟ್ಟೆ ಇಟ್ಟು ಒಂದು ತುಂಡು ಬಡಿಸಿದಳು. ಅತ್ತೆ ಅದನ್ನು ಬಾಯಿಗಿಟ್ಟಳು. ಅಗಿಯಲು ಏನೂ ಇರಲಿಲ್ಲ. ಊಟ ಮುಗಿಯುತ್ತ ಬಂದಿತ್ತು. ಹೊರಗೆ ಯಾರೋ ಸೈಕಲ್ ಬೆಲ್ ಬಾರಿಸುತ್ತ ಹೋದರು. ಅಕ್ಕ ಏಳಲು ನೆಲಕ್ಕೆ ಕೈ ಊರಿದಳು.

"ಒಂದು ಮಾತು" ಎಂದಳು ಅತ್ತೆ.

ಎಲ್ಲರೂ ಅವಳ ಕಡೆ ತಿರುಗಿದರು. ಹೇಳಬೇಕೆಂದು ಅವಳು ಕೂಡಿಟ್ಟುಕೊಂಡಿದ್ದ ಮಾತು ದೊಡ್ಡದಿತ್ತು. ಬಾಯಿಗೆ ಬರುವಷ್ಟರಲ್ಲಿ ಅದು ಸವೆದು ಸಣ್ಣದಾಗಿತ್ತು.

"ಅವತ್ತೇ ಮೂವರೂ ಹೋಗ್ಬೇಡಿ. ನೀವಿಬ್ರು ಮೊದ್ಲು ಹೋಗಿ. ಕಡ್ಲೆ ಒಂದು ವಾರ ನನ್ನ ಹತ್ರ ಇರ್ಲಿ. ಒಂದೇ ವಾರ. ಆಮೇಲೆ ಬಂದು ಕರ್ಕೊಂಡು ಹೋಗಿ."

ಮೆಕ್ಯಾನಿಕ್ ಅಕ್ಕನ ಕಡೆ ನೋಡಿದ. ಅಕ್ಕ ಸೊಸೆಯ ಕಡೆ ನೋಡಿದಳು. ಸೊಸೆ ಕಡ್ಲೆಯನ್ನು ಮಡಿಲಿಗೆಳೆದುಕೊಂಡು, ಒದ್ದೆ ಬಟ್ಟೆಯಿಂದ ಅವಳ ಎಣ್ಣೆಗೈಯ ಬೆರಳುಗಳನ್ನು ಒಂದೊಂದಾಗಿ ಒರೆಸುತ್ತಿದ್ದಳು. ಕಿರುಬೆರಳಿನ ತನಕ ಒರೆಸಿ ಮುಗಿಸಿದಳು. ಮತ್ತೆ ಹೆಬ್ಬೆರಳಿನಿಂದ ಶುರುಮಾಡಿದಳು.