ಕಾವಲಿನಲ್ಲಿ ಒಂದೇ ಮೊಟ್ಟೆ

ಮೇ ತಿಂಗಳು ಬಂತೆಂದರೆ ದೊಡ್ಡಉಳ್ಳಾರ್ತಿ ಕಾವಲಿನ ಹುಲ್ಲುಬಯಲ ಸುತ್ತಲ ಹಟ್ಟಿಗಳಲ್ಲಿ ಒಂದೇ ಮಾತು: ಕುರಿಗೆ ಮೇವಿಲ್ಲ. ಹುಲ್ಲೆಲ್ಲ ಒಣಗಿ ಕಡ್ಡಿಯಾಗಿರುತ್ತದೆ. ಅದಕ್ಕೆ ಬೆಂಕಿ ಇಟ್ಟರೆ ಮೊದಲ ಮಳೆಗೆ ಎಳೆ ಹುಲ್ಲು ಚಿಗುರುತ್ತದೆ ಎನ್ನುವುದು ಹಿಂದಿನಿಂದ ಬಂದ ರೂಢಿ. ತೊಂಬತ್ತಾರನೇ ಇಸವಿಯಲ್ಲೂ ಹಾಗೇ ಆಯಿತು. ಸೋಮವಾರ ಬೆಂಕಿ ಇಡುವುದೆಂದು ಕೆಂಚಣ್ಣ ಹಟ್ಟಿಗೆಲ್ಲ ಹೇಳಿಬಿಟ್ಟಿದ್ದ.

ಈ ಕೆಂಚಣ್ಣನ ಅತ್ತಿಗೆ ಕ್ಯಾತಮ್ಮ. ಅವಳಿಗಿದ್ದವನು ಒಬ್ಬನೇ ಮಗ. ಮೂರು ವರ್ಷದವನಿದ್ದಾಗ ಜ್ವರ ಬಂದು ತೀರಿಕೊಂಡ. ಗಂಡ ಜುಂಜಣ್ಣ ಹೋಗಿ ಐದು ವರ್ಷವಾಗಿತ್ತು. ಹಟ್ಟಿಯಲ್ಲಿ ಅವಳನ್ನು ಯಾರೂ ಬೈದವರಲ್ಲ, ಆದರೆ ಕರೆದು ಮಾತಾಡಿಸುವವರೂ ಇರಲಿಲ್ಲ. ಬೆಳಗ್ಗೆ ಮೂವತ್ತು ಕುರಿ ಹೊಡೆದುಕೊಂಡು ಕಾವಲಿಗೆ ಹೋದರೆ, ಹೊತ್ತು ಮುಳುಗುವ ತನಕ ಕುರಿ ಕರೆಯುವ ಸದ್ದು ಬಿಟ್ಟು ಅವಳ ಬಾಯಿಂದ ಬೇರೆ ಮಾತು ಹೊರಡುತ್ತಿರಲಿಲ್ಲ.

ಹಾಗಾಗಿ ಹಕ್ಕಿಗಳೇ ಅವಳಿಗೆ ನೆಂಟರು. ಹಳದಿ ಕಾಲಿನ ಟಿಟ್ಟಿಭ ಅವಳನ್ನು ಕಂಡ ಕೂಡಲೇ ತಲೆಯ ಮೇಲೆ ಸುತ್ತುತ್ತಾ ಬಾಯಿ ಬಡಿದುಕೊಳ್ಳುತ್ತಿತ್ತು. ಅದಕ್ಕೆ ಅವಳು ಜಗಳಗಂಟಿ ಎಂದು ಹೆಸರಿಟ್ಟಿದ್ದಳು. ಹುಲ್ಲಿನ ಬುಡದಲ್ಲಿ ಮನೆ ಮಾಡುವ ನೆಲಗುಬ್ಬಿ ಮೇಲೇರಿ ಹಾಡಿ, ಕಲ್ಲು ಬಿದ್ದಂತೆ ಇಳಿಯುತ್ತಿತ್ತು. ಗೌಜಲಕ್ಕಿ ಪೊದೆಯಿಂದ ಬುರ್ರನೆ ಎದ್ದು ಎದೆ ಝಲ್ಲೆನಿಸುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಹಕ್ಕಿ ಎರೆಭೂತ. ಸೊಂಟದೆತ್ತರ, ಬಿಳಿ ಕತ್ತು, ಕರಿ ಟೋಪಿ ಇಟ್ಟಂಥ ತಲೆ. ಗಡಿ ಆಚೆಯ ತೆಲುಗಿನವರು ಬಟ್ಟಮೇಕ ಅನ್ನುತ್ತಾರೆ. ಕ್ಯಾತಮ್ಮ ಚಿಕ್ಕವಳಿದ್ದಾಗ ಎಂಟು ಹತ್ತು ಒಟ್ಟಿಗೆ ಮೇಯುತ್ತಿದ್ದವು. ಈಗ ಗಂಡೊಂದು ಬೆಳಗ್ಗೆ ಬೆಳಗ್ಗೆ ಎದೆ ಉಬ್ಬಿಸಿ "ಹೂಂ" ಎಂದು ಕೂಗುತ್ತಿತ್ತು. ಓಗೊಡುವವರು ಯಾರೂ ಕಾಣುತ್ತಿರಲಿಲ್ಲ. "ಹೂಂ ಕಣಪ್ಪ, ಇದೀನಿ" ಎಂದು ಕ್ಯಾತಮ್ಮನೇ ಅನ್ನುತ್ತಿದ್ದಳು.

ಶನಿವಾರ ಕುರಿಗಳು ಒಂದು ಕಡೆ ಇಬ್ಭಾಗವಾದವು. ನಡುವೆ ಬರಿ ನೆಲದ ಮೇಲೆ ಒಂದು ಮೊಟ್ಟೆ! ಮಣ್ಣಿನ ಬಣ್ಣ, ಮೇಲೆ ಕಂದು ಮಚ್ಚೆ. ಗೂಡಿಲ್ಲ, ಒಂದು ಹುಲ್ಲುಕಡ್ಡಿಯ ಹಾಸಿಗೆಯೂ ಇಲ್ಲ. ತಾಯಿ ಒಲ್ಲದ ಕುರಿಮರಿಗಳನ್ನು ಎಷ್ಟೋ ಸಾಕಿದ ಕೈ ಅವಳದು. ಇದೂ ತಬ್ಬಲಿಯೇ ಅಂದುಕೊಂಡಳು. ಎಳೆಮರಿಗೆ ಹಾಕುವ ಹಾಗೆ ಸುತ್ತ ಜಾಲಿಮುಳ್ಳು ಹಾಕಿದಳು, ಬಿಸಿಲು ತಾಗದಿರಲಿ ಎಂದು ಮೇಲೆ ಕಂಬಳಿ ಹೊದಿಸಿದಳು. ಪಕ್ಕದಲ್ಲೇ ಕೂತು ಅದರೊಂದಿಗೆ ಮಾತಿಗೂ ಶುರುಮಾಡಿದಳು. ಕೇಳುವವರು ಸಿಕ್ಕಿದ್ದೇ ಹೆಚ್ಚು.

ಅಷ್ಟರಲ್ಲಿ ಅರಣ್ಯ ಇಲಾಖೆಯ ವಾಚರ್ ಹನುಮಂತರಾಯ ಸೈಕಲ್ ತಳ್ಳಿಕೊಂಡು ಬಂದ.

"ಕ್ಯಾತಕ್ಕ, ಈ ಬಿಸಿಲಲ್ಲಿ ಏನ್ ಕಾಯ್ತಾ ಕುಂತಿದೀಯ?"

"ತಬ್ಬಲಿ ಮೊಟ್ಟೆ ಕಣೋ. ತಾಯಿ ಬಿಟ್ಟು ಹೋಗೈತೆ."

ಕಂಬಳಿ ಎತ್ತಿ ನೋಡಿದ ಹನುಮಂತರಾಯ ದನಿ ತಗ್ಗಿಸಿದ. "ಅಕ್ಕ, ಮೆಲ್ಲಗೆ ಆ ಬಂಡೆ ಕಡೆ ನೋಡು."

ದೂರದಲ್ಲಿ ಒಂದು ಹೆಣ್ಣು ಎರೆಭೂತ ಕತ್ತು ಚಾಚಿ ನಿಂತಿತ್ತು. ನಾಲ್ಕು ಹೆಜ್ಜೆ ಮುಂದೆ ಬರುತ್ತಿತ್ತು, ಮತ್ತೆ ಹಿಂದೆ ಹೋಗುತ್ತಿತ್ತು.

"ಎಷ್ಟೊತ್ತಿಂದ ಐತೆ ಅದು?"

"ಆಗ್ಲಿಂದ ಐತೆ. ಹುಳ ಹುಡುಕ್ತೈತೆ ಅನ್ಕೊಂಡೆ."

"ಹುಳ ಅಲ್ಲಕ್ಕ. ಇದು ಅದರದೇ ಮೊಟ್ಟೆ. ನೀನು ಎದ್ದು ಹೋಗ್ಲಿ ಅಂತ ಕಾಯ್ತೈತೆ."

ಕ್ಯಾತಮ್ಮನಿಗೆ ನಂಬಿಕೆ ಬರಲಿಲ್ಲ. "ಬಟಾಬಯಲಲ್ಲಿ ಯಾವ ತಾಯಿ ಮೊಟ್ಟೆ ಇಡ್ತಾಳೋ? ನಾನು ಹೋದ್ರೆ ನಾಯಿ ತಿಂದು ಹೋಗಲ್ವಾ?"

"ಬಯಲೇ ಅದರ ಮನೆ. ಕೂತಲ್ಲಿಂದ ನಾಲ್ಕು ದಿಕ್ಕೂ ಕಾಣ್ಬೇಕು ಅದಕ್ಕೆ. ಮುಳ್ಳು ಹಾಕಿದ್ರೆ ಒಳಕ್ಕೆ ಬರಲ್ಲ. ಮಣ್ಣಿನ ಬಣ್ಣ ಐತಲ್ಲ, ಅದೇ ಮೊಟ್ಟೆಗೆ ಬೇಲಿ. ನೀನು ಕಂಬಳಿ ಹಾಕಿ ಊರಿಗೆಲ್ಲ ತೋರಿಸ್ದಂಗಾಯ್ತು. ಟಿಟ್ಟಿಭನೂ ಹಿಂಗೇ ಕಲ್ಲಲ್ಲಿ ಇಡ್ತೈತೆ, ಆದ್ರೆ ನಾಲ್ಕು ಇಡ್ತೈತೆ. ಇದು ಸಾಮಾನ್ಯವಾಗಿ ಒಂದೇ. ನಾಲ್ಕು ವಾರ ತಾಯಿ ಒಬ್ಬಳೇ ಕಾವು ಕೂರ್ಬೇಕು. ಗಂಡು ತಿರುಗಿನೂ ನೋಡಲ್ಲ."

"ಒಂದೇನಾ?"

"ಒಂದೇ ಅಕ್ಕ."

ಕ್ಯಾತಮ್ಮ ತಟ್ಟನೆ ಎದ್ದಳು. ಕಾಪಾಡುತ್ತಿದ್ದೇನೆ ಅಂದುಕೊಂಡು ತಾಯಿಯನ್ನೇ ಬಿಸಿಲಲ್ಲಿ ನಿಲ್ಲಿಸಿದ್ದಳಲ್ಲ! ಅವಸರದಲ್ಲಿ ಮುಳ್ಳು ತೆಗೆದಳು, ಕಂಬಳಿ ಹೆಗಲಿಗೆ ಹಾಕಿದಳು, ಕುರಿ ಹೊಡೆದುಕೊಂಡು ದೂರದ ಜಾಲಿಮರದ ತನಕ ಹೋಗಿಬಿಟ್ಟಳು. ಹನುಮಂತರಾಯನೂ ಹಿಂದೆ ಬಂದ. ಬಹಳ ಹೊತ್ತಿನ ಮೇಲೆ ಹಕ್ಕಿ ಬಂತು, ಕೂತಿತು. ಕೂತ ಮೇಲೆ ಅಲ್ಲೊಂದು ಜೀವ ಇದೆಯೆಂದು ಗೊತ್ತೇ ಆಗಲಿಲ್ಲ.

"ಅಲ್ಲೋ, ಸೋಮವಾರ ಬೆಂಕಿ ಇಟ್ರೆ?"

"ನಾನು ಹೇಳಿದ್ರೆ ಇಲಾಖೆಯೋನು ಬಂದ ಅಂತಾರೆ. ನೀನೇ ಹೇಳಕ್ಕ."

ಹಟ್ಟಿಯಲ್ಲಿ ನಾಲ್ಕು ಜನರ ಮುಂದೆ ಬಾಯಿ ತೆರೆದು ಎಷ್ಟು ವರ್ಷವಾಗಿತ್ತೋ! ಆ ಸಂಜೆ ಕ್ಯಾತಮ್ಮ ಕೆಂಚಣ್ಣನ ಅಂಗಳಕ್ಕೆ ಹೋಗಿ ನಿಂತು ಎಲ್ಲಾ ಹೇಳಿದಳು. ಅಲ್ಲಿದ್ದವರು ನಕ್ಕರು.

"ಹಕ್ಕಿಗೆ ಯಾವಾಗಿಂದ ವಕೀಲಳಾದೆ ಅತ್ತಿಗೆ?" ಅಂದ ಕೆಂಚಣ್ಣ. "ಬೆಂಕಿ ಇಡದಿದ್ರೆ ನನ್ನ ಕುರಿ ಏನ್ ತಿನ್ತಾವೆ?"

"ಮಳೆ ಬಿದ್ರೆ ಬೆಂಕಿ ಇಲ್ದೇನೂ ಚಿಗುರ್ತೈತೆ. ಹೋದ ವರ್ಷ ಸುಟ್ಟ ಮೇಲೆ ಮೂರು ವಾರ ಮಳೆ ಬಂತಾ? ಒಣ ಕಡ್ಡಿನೂ ಇಲ್ದೆ ನಿನ್ನ ಕುರಿ ಬೂದಿ ಮೂಸ್ತಾ ನಿಂತಿದ್ವು. ನಿನ್ನ ಶೇಂಗಾ ಹೊಲದ ಮಿಡತೆ ತಿನ್ನೋದೂ ಇದೇ ಹಕ್ಕಿ. ಅದರ ಮನೆ ಸುಡ್ತೀನಿ ಅಂತೀಯಲ್ಲ."

"ಒಂದು ಮೊಟ್ಟೆಗೆ ಇಷ್ಟೊಂದಾ?"

"ಅದಕ್ಕಿರೋದು ಒಂದೇ ಕಣಪ್ಪ," ಅಂದಳು ಕ್ಯಾತಮ್ಮ. "ನಂಗೂ ಒಂದೇ ಇತ್ತು."

ಕೆಂಚಣ್ಣನ ಹೆಂಡತಿ ಪಾಪಕ್ಕ ಕೈಲಿದ್ದ ಮೊರ ಕೆಳಗಿಟ್ಟಳು. ತೀರಿಹೋದ ಆ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದವನು ಕೆಂಚಣ್ಣನೇ. ಅವನು ಎದ್ದು ನಿಂತು ಅಂದ: "ಬೆಂಕಿ ಬೇಡ ಬಿಡು. ನಾಯಿಗಳನ್ನೂ ಕಟ್ಟಿ ಹಾಕ್ತೀನಿ."

ನಾಲ್ಕು ವಾರ ಕ್ಯಾತಮ್ಮ ಕಾವಲಿನ ಇನ್ನೊಂದು ತುದಿಯಲ್ಲಿ ಕುರಿ ಮೇಯಿಸಿದಳು. ಅಲ್ಲಿಗೆ ಎರೆಭೂತದ ಕೂಗೂ ಕೇಳಿಸುತ್ತಿರಲಿಲ್ಲ. ಇದ್ದ ನೆಂಟರನ್ನೂ ಬಿಟ್ಟು ಬಂದಂತಾಗಿ ಅವಳಿಗೆ ದಿನ ಹೋಗುವುದೇ ಕಷ್ಟವಾಯಿತು. ಒಮ್ಮೆ ನೋಡಿ ಬರಲೇ ಎಂದು ಕಾಲು ಎಳೆಯುತ್ತಿತ್ತು. ಹೋಗಲಿಲ್ಲ.

ಮಳೆ ಬಿತ್ತು. ಹುಲ್ಲು ತಾನಾಗಿ ಚಿಗುರಿತು. ಒಂದು ಬೆಳಗ್ಗೆ ಹನುಮಂತರಾಯ ಬಂದು ಜಾಲಿಮರದ ತನಕ ಕರೆದುಕೊಂಡು ಹೋಗಿ ಕೈ ತೋರಿಸಿದ. ತಾಯಿಯ ಹಿಂದೆ ಕಂದು ಬಣ್ಣದ ಪುಟ್ಟ ಮರಿ ಓಡುತ್ತಿತ್ತು. ತಾಯಿ ಮಿಡತೆ ಹಿಡಿದು ಕೊಟ್ಟಿತು. ಕ್ಯಾತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇನ್ನೊಂಚೂರು ಹತ್ರ ಹೋಗ್ತೀಯಾ ಅಕ್ಕ?"

"ಬೇಡಪ್ಪ. ಹೆದರಿಕೊಂಡಾವು."

ಸಂಜೆ ಅವಳ ಬಾಗಿಲಿಗೆ ಪಾಪಕ್ಕ ಬಂದಿದ್ದಳು. "ಅಕ್ಕ, ಮರಿ ಹೆಂಗೈತೆ?" ಎಂದು ಕೇಳಿದಳು. ಕ್ಯಾತಮ್ಮ ಚಾಪೆ ಹಾಸಿದಳು.

ಕಾವಲಿಗೆ ಹೋಗುವ ಅಕ್ಕಂದಿರೇ, ಅಣ್ಣಂದಿರೇ, ಹುಲ್ಲಿಗೆ ಬೆಂಕಿ ಇಡಬೇಡಿ, ನಾಯಿಗಳನ್ನು ಹತೋಟಿಯಲ್ಲಿಡಿ. ಬರಿ ನೆಲದ ಮೇಲೆ ಮೊಟ್ಟೆ ಕಂಡರೆ ಮುಟ್ಟಬೇಡಿ, ಮುಚ್ಚಬೇಡಿ, ಅಲ್ಲಿ ನಿಲ್ಲಲೂ ಬೇಡಿ. ಅದು ತಬ್ಬಲಿಯಲ್ಲ. ಅದರ ತಾಯಿ ಅಲ್ಲೇ ಎಲ್ಲೋ ನಿಂತು ನಿಮ್ಮನ್ನೇ ನೋಡುತ್ತಿದ್ದಾಳೆ. ನೀವು ಹೋದ ಮೇಲೆ ಬರುತ್ತಾಳೆ.