ಯಾವ ವರ್ಷದ ಕಟ್ಟಡ

ಇತಿಹಾಸದ ಮೇಡಂಗೆ ಶಾಲೆಯಿಂದ ನಿವೃತ್ತಿಯಾಗಿತ್ತು, ಬಾಯಿಗೆ ಆಗಿರಲಿಲ್ಲ. ಹಳೇ ತಂತಿ ಕಚೇರಿಯನ್ನು ಕೆಡವಿ ಕಾರು ನಿಲ್ಲಿಸುವ ಜಾಗ ಮಾಡುತ್ತಾರಂತೆ ಎಂದು ಸುದ್ದಿ ಬಂದಾಗ ಟೊಂಕ ಕಟ್ಟಿ ನಿಂತವರು ಅವರೇ. ಆ ಕಚೇರಿ ಈ ಕಚೇರಿ ಅಲೆದು, ಕಂಡಕಂಡವರ ತಲೆ ತಿಂದು, ಅಂತೂ ಕಟ್ಟಡವನ್ನು ಉಳಿಸಿದರು. ಯಾರಾದರೂ ಹೊಗಳಿದರೆ ಸ್ವಲ್ಪ ಉಬ್ಬುತ್ತಿದ್ದರು ನಿಜ. ಆದರೆ ಕೆಲಸ ಮಾಡಿದ್ದಂತೂ ಸುಳ್ಳಲ್ಲ.

ಉಳಿಸಿದ ಮೇಲೆ ಇನ್ನೊಂದು ಪ್ರಶ್ನೆ ಎದ್ದಿತು. ದುರಸ್ತಿಯ ಹೊಣೆ ಹೊತ್ತ ವಾಸ್ತುಶಿಲ್ಪಿ, ಕಟ್ಟಡಕ್ಕೆಂದು ಊರವರು ಮಾಡಿಕೊಂಡಿದ್ದ ಸಮಿತಿಯ ಮುಂದೆ ನಕ್ಷೆ ಹರಡಿದ.

"ಕಟ್ಟಡ ಯಾವ ವರ್ಷ ಹೇಗಿತ್ತೋ ಹಾಗೆ ಮಾಡೋಣ? ಒಂದು ವರ್ಷ ಗೊತ್ತು ಮಾಡಿ. ಅದಾದ ಮೇಲೆ ಸೇರಿದ್ದನ್ನೆಲ್ಲ ತೆಗೆದುಬಿಡ್ತೀವಿ."

ಎಲ್ಲರೂ ಮೇಡಂ ಮುಖ ನೋಡಿದರು. ಮೇಡಂ ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತೂ ಯೋಚಿಸಲಿಲ್ಲ. "ಕಟ್ಟಿದ ವರ್ಷ! ಹುಟ್ಟಿದಾಗ ಹೇಗಿತ್ತೋ ಹಾಗೆ. ಅರೆಬರೆ ಕೆಲಸ ನನಗಾಗಲ್ಲ." "ಮಾತು ಅಂದ್ರೆ ಇದು," ಎಂದರು ಅಧ್ಯಕ್ಷರು. ಅಲ್ಲಿಗೆ ತೀರ್ಮಾನವಾಯಿತು.

ಮುಂದಿನ ವಾರ ಕೆಲಸದವರು ಕೆಂಪು ಬಣ್ಣದ ಡಬ್ಬಿ ಹಿಡಿದು ಬಂದು, ತೆಗೆಯಬೇಕಾದದ್ದಕ್ಕೆಲ್ಲ ಗುರುತು ಹಾಕಿದರು. ಮಹಡಿಯ ತಗಡಿನ ಚಾವಣಿಗೆ, ಮೆಟ್ಟಿಲ ಕೆಳಗಿನ ಸಿಮೆಂಟು ಗೋಡೆಗೆ, ಆಮೇಲೆ ಮೂಲೆಯ ಕಮಾನಿನೊಳಗೆ ಹಲಗೆ ಹೊಡೆದು ಮಾಡಿದ್ದ ಬೀಗದ ಅಂಗಡಿಗೆ. ಅದು ಮೇಡಂ ಮೈದುನನ ಅಂಗಡಿ. ಮಾವ ಇಟ್ಟದ್ದು. ಈಗ ಮೈದುನ ಅಲ್ಲೇ ಕೂತು ಅರ ಹಿಡಿದು ಬೀಗದಕೈ ಉಜ್ಜಿ ಸಂಸಾರ ಸಾಗಿಸುತ್ತಿದ್ದ.

ಮೇಡಂ ಮದುವೆಯಾಗಿ ಬಂದಾಗಿನಿಂದ ಆ ಅಂಗಡಿಯನ್ನು ಅಲ್ಲೇ ನೋಡಿದವರು. ಅವರ ಮಟ್ಟಿಗೆ ಅದು ಕಟ್ಟಡದ ಕಿಟಕಿ ಬಾಗಿಲುಗಳ ಹಾಗೆ ಇದ್ದೇ ಇದ್ದದ್ದು. ಊರಿನ ಚರಿತ್ರೆಯನ್ನೆಲ್ಲ ಅರೆದು ಕುಡಿದವರಿಗೆ ಮನೆಯ ಚರಿತ್ರೆ ಹೊಳೆಯಲಿಲ್ಲ. ದೀಪದ ಬುಡ ಕತ್ತಲು, ಇನ್ನೇನು ಹೇಳುವುದು.

ಸಂಜೆ ಮೈದುನ ಬಂದ. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆಯ ಮನೆಯ ನಲ್ಲಿ ಸೋರಿದರೂ ಅವನೇ ಬರುತ್ತಿದ್ದವನು. ಇವತ್ತು ಕುರ್ಚಿಯ ತುದಿಯಲ್ಲಿ ಕೂತ.

"ಅತ್ತಿಗೆ, ಯಾರೋ ತಿಳೀದೆ ಬಣ್ಣ ಬಳಿದು ಹೋಗಿದ್ದಾರೆ ಅನ್ಸುತ್ತೆ. ನೀವೊಂದು ಮಾತು ಹೇಳಿದ್ರೆ ಅಳಿಸ್ತಾರೆ."

ಬೈದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಅವನಿಗೆ ಅನುಮಾನವೂ ಇರಲಿಲ್ಲ. ನೆಲ ಬಾಯಿಬಿಟ್ಟರೆ ಇಳಿದುಹೋಗೋಣ ಎನ್ನಿಸಿತು ಮೇಡಂಗೆ. ಇದು ನಾನೇ ಆಡಿದ ಮಾತಿನ ಫಲ ಎಂದು ಹೇಳಲು ನಾಲಗೆ ಏಳಲಿಲ್ಲ.

"ನಾಡಿದ್ದು ಸಭೆ ಇದೆ. ನಾನೇ ಹೇಳ್ತೀನಿ ಬಿಡು. ನೀನೂ ಬಾ," ಎಂದರು.

ಹೇಳಲು ವಿಷಯಕ್ಕೇನೂ ಬರವಿರಲಿಲ್ಲ. ತಂತಿ ಕಚೇರಿ ಬೇರೆ ಕಡೆಗೆ ಹೋಗಿ ಈ ಕಟ್ಟಡ ಹಾಳುಬಿದ್ದಿದ್ದ ಕಾಲದಲ್ಲಿ ಕಳ್ಳರು ಕದ, ಕಿಟಕಿ, ಹಿತ್ತಾಳೆ ಹಿಡಿಕೆ ಎಲ್ಲವನ್ನೂ ಕಿತ್ತೊಯ್ಯತೊಡಗಿದ್ದರು. ಆಗ ಮೂಲೆಯಲ್ಲಿ ಅಂಗಡಿ ಹಾಕಿಕೊಂಡ ಮಾವ, ಯಾರೂ ಹೇಳದಿದ್ದರೂ, ಉಳಿದ ಒಂದೊಂದು ಬಾಗಿಲಿಗೂ ಬೀಗ ಮಾಡಿ ಜಡಿದಿದ್ದರು. ಆ ಅಂಗಡಿ ಇರದಿದ್ದರೆ ಉಳಿಸುವುದಕ್ಕೆ ಕಟ್ಟಡವೇ ಇರುತ್ತಿರಲಿಲ್ಲ. ಕಟ್ಟಿದ ವರ್ಷ ಬೇಡ, ಮಾವ ಬೀಗ ಜಡಿದ ವರ್ಷ ಇಟ್ಟುಕೊಳ್ಳೋಣ, ನಾನು ಅವಸರಪಟ್ಟೆ, ತಪ್ಪಾಯಿತು. ಇಷ್ಟು ಹೇಳಿದರೆ ಸಾಕಿತ್ತು. ಮೇಡಂ ಕನ್ನಡಿಯ ಮುಂದೆ ನಿಂತು ಹೇಳಿ ನೋಡಿಕೊಂಡರು. 'ತಪ್ಪಾಯಿತು' ಎನ್ನುವಲ್ಲಿಗೆ ಬಂದಾಗಲೆಲ್ಲ ಹಾಳು ಕೆಮ್ಮು.

ಸಭೆಗೆ ಮೈದುನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಹಿಂದಿನ ಬೆಂಚಿನಲ್ಲಿ ಕೂತ. ಮೇಡಂ ಎದ್ದು ನಿಂತರು. ಬಾಯಿ ತೆರೆಯುವಷ್ಟರಲ್ಲಿ ವಾಸ್ತುಶಿಲ್ಪಿ ಕೈ ಎತ್ತಿದ.

"ಒಂದು ನಿಮಿಷ ಮೇಡಂ, ನಾನು ಮೊದಲು ಹೇಳ್ಬೇಕು. ಆ ಮೂಲೆ ಅಂಗಡಿ ಮೇಡಂ ಮನೆಯವರದ್ದೇ ಅಂತ ನಂಗೆ ನಿನ್ನೆ ಗೊತ್ತಾಯ್ತು. ಕಟ್ಟಿದ ವರ್ಷಾನೇ ಬೇಕು ಅಂತ ಹಟ ಹಿಡಿದಿದ್ದು ಇವರೇ ಅಲ್ವಾ? ಬೇರೆಯವರಾಗಿದ್ರೆ ತಮ್ಮವರಿಗೋಸ್ಕರ ವರ್ಷಾನೇ ಬದಲಾಯಿಸ್ತಿದ್ರು. ಇವರು ಬಾಯಿ ಬಿಡಲಿಲ್ಲ ನೋಡಿ!"

ಸಭೆ ಚಪ್ಪಾಳೆ ತಟ್ಟಿತು. ಅಧ್ಯಕ್ಷರು ಬಂದು ಕೈ ಕುಲುಕಿದರು. ಮೇಡಂ ಈಗಲೂ ಹೇಳಬಹುದಿತ್ತು. ಈಗಲೇ ಹೇಳಬೇಕಿತ್ತು. ಆದರೆ ಅಷ್ಟು ಜನ ಒಟ್ಟಿಗೆ ತಮ್ಮನ್ನು ದೊಡ್ಡವರೆಂದು ನೋಡುತ್ತಿದ್ದರು. ಒಳಗೆಲ್ಲೋ ಹಿತವಾಯಿತು. ಆ ಹಿತಕ್ಕೇ ಅವರಿಗೆ ತಮ್ಮ ಮೇಲೆ ಅಸಹ್ಯವಾಯಿತು, ಆದರೂ ಆ ಹಿತವನ್ನು ಬಿಡಲಾಗಲಿಲ್ಲ.

"ಕಟ್ಟಡ ಎಲ್ಲರದ್ದು. ನಮ್ಮ ಮನೆ ಆಮೇಲೆ," ಎಂದು ಹೇಳಿ ಕೂತುಬಿಟ್ಟರು.

ಸಭೆ ಮುಗಿದರೂ ಮೇಡಂ ಏಳಲಿಲ್ಲ. ಚೀಲದಲ್ಲಿ ಏನನ್ನೋ ಹುಡುಕುವ ನಾಟಕವಾಡುತ್ತ, ಮೈದುನ ಹೊರಟುಹೋಗಲಿ ಎಂದು ಕಾದರು. ಅವನು ಹೋಗಿರಲಿಲ್ಲ. ಬಾಗಿಲ ಬಳಿ ನಿಂತು, ಅವರು ಹತ್ತಿರ ಬಂದ ಮೇಲೆ ಚೀಲ ಇಸಿದುಕೊಂಡ. ತಲೆ ಎತ್ತಲಿಲ್ಲ.

"ಪಕ್ಕದಲ್ಲಿ ಕೂತಿದ್ದವರಿಗೆಲ್ಲ ನಾನು ನಿಮ್ಮ ಮೈದುನ ಅಂತ ಗೊತ್ತಿತ್ತು, ಅತ್ತಿಗೆ," ಎಂದ. "ಸುಮ್ನೆ ಕೂತ್ರೆ ನಿಮಗೆ ಅವಮಾನ ಆಗುತ್ತೆ ಅಂತ ನಾನೂ ಚಪ್ಪಾಳೆ ತಟ್ಟಿದೆ."