ಖಾಲಿ ಬಸ್ಸಿನಲ್ಲಿ ಅಕ್ಕ

ಸಿಂಕಿನ ಮುಂದೆ ಕೈ ತೊಳೆಯುತ್ತಿದ್ದ ತಮ್ಮ ನಿಂತಲ್ಲೇ ಕೊರಡಿನಂತೆ ಉರುಳಿಬಿದ್ದ. ಅಕ್ಕ ಹೊಲಿಗೆ ಯಂತ್ರ ಬಿಟ್ಟು ಓಡಿಬಂದಾಗ ಅವನ ದವಡೆ ಬಿಗಿದಿತ್ತು, ಕಣ್ಣುಗುಡ್ಡೆ ಮೇಲಕ್ಕೆ ತಿರುಗಿತ್ತು, ಕೈಕಾಲು ಒಂದೇ ಸಮನೆ ಅದುರುತ್ತಿದ್ದವು. ಅವಳು ಅವನನ್ನು ಪಕ್ಕಕ್ಕೆ ಹೊರಳಿಸಿ, ಅರ್ಧ ಹೊಲಿದ ಪರದೆಯನ್ನೇ ಮಡಚಿ ತಲೆಯಡಿ ಇಟ್ಟು, "ಯೇಸಪ್ಪಾ, ಯೇಸಪ್ಪಾ" ಎನ್ನುತ್ತ ಕೂತಳು.

ಎಚ್ಚರವಾದ ಮೇಲೆ ಅವನು ಕೇಳಿದ ಮೊದಲ ಮಾತು, "ಯಾರಾದ್ರೂ ನೋಡಿದ್ರಾ?"

ಇದು ಮೊದಲನೇ ಸಲವಲ್ಲ ಎಂದು ಅಕ್ಕನಿಗೆ ಅಷ್ಟರಲ್ಲೇ ಗೊತ್ತಾಯಿತು.

ತಮ್ಮ ಶಾಲೆಯ ಬಸ್ ಓಡಿಸುತ್ತಿದ್ದ. ಮಕ್ಕಳಿಗೆ ಅವನು ಬಸ್ ಮಾಮ. ಮದುವೆ ಮುರಿದು ಅಕ್ಕನ ಮನೆ ಸೇರಿದವನಿಗೆ ಆ ಬಸ್ಸೇ ಸಂಸಾರ. ಯಾವ ಮಗು ಯಾವ ಗೇಟಿನ ಮುಂದೆ ತೂಕಡಿಸುತ್ತ ನಿಂತಿರುತ್ತದೆ, ಯಾವುದಕ್ಕೆ ಕಿಟಕಿ ಪಕ್ಕದ ಸೀಟೇ ಆಗಬೇಕು ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ.

"ನಾಳೆಯಿಂದ ಸ್ಟೇರಿಂಗ್ ಮುಟ್ಟಬೇಡ," ಎಂದಳು ಅಕ್ಕ.

"ಸುಸ್ತು ಕಣೇ. ನಿದ್ದೆ ಸಾಲ್ತಿಲ್ಲ, ಅಷ್ಟೇ."

"ಸುಸ್ತಾದೋರು ನಾಲಿಗೆ ಕಚ್ಕೊಂಡು ಬೀಳ್ತಾರಾ? ಸುಳ್ಳುಗಾರ! ಯಾರ್ಯಾರದೋ ಮಕ್ಕಳನ್ನ ಸಾಯಿಸ್ತೀಯ ನೀನು. ದೇವರು ನಿನ್ನ ಸುಮ್ನೆ ಬಿಡಲ್ಲ, ನೋಡ್ತಿರು."

"ಚರ್ಚಿಗೆ ಹೋಗಿ ಕಲಿತಿದ್ದು ಇದೇನಾ, ಶಾಪ ಹಾಕೋದು?" ಎಂದು ಅವನು ಮುಖ ತಿರುಗಿಸಿದ.

ಮರುದಿನ ಅವನು ಎಂದಿನಂತೆ ಕೆಲಸಕ್ಕೆ ಹೋದ. ಮಧ್ಯಾಹ್ನದವರೆಗೆ ಅಕ್ಕನಿಗೆ ಒಂದು ಹೊಲಿಗೆಯೂ ನೆಟ್ಟಗೆ ಬೀಳಲಿಲ್ಲ. ಹೊರಗೆ ಯಾವುದೋ ಗಾಡಿ ಬ್ರೇಕ್ ಹಾಕಿದರೂ ಎದ್ದು ಕಿಟಕಿಗೆ ಬರುತ್ತಿದ್ದಳು. ಕೊನೆಗೆ ಕೆಲಸ ಬಿಟ್ಟು ಚರ್ಚಿನ ಪಾಸ್ಟರ ಹತ್ತಿರ ಓಡಿ, ತಾನು ಬೈದದ್ದನ್ನೂ ಸೇರಿಸಿ ಎಲ್ಲ ಹೇಳಿದಳು. ಅವರು ಸಂಜೆಯೇ ಮನೆಗೆ ಬಂದರು.

ತಮ್ಮ ಅವರಿಗೆ ಕುರ್ಚಿ ಎಳೆದು ಹಾಕಿದ. ಆಮೇಲೆ, "ಪ್ರಾರ್ಥನೆ ಮಾಡಿ ಪಾಸ್ಟರ್, ವಾಸಿಯಾಗುತ್ತೆ. ನಂಗೆ ನಂಬಿಕೆ ಇದೆ. ನಿಮಗಿಲ್ವಾ?" ಎಂದ.

"ನಂಬಿಕೆ ನಿಂದಪ್ಪ, ಜೀವ ಬೇರೆಯವರ ಮಕ್ಕಳದು. ದೇವರನ್ನ ಪರೀಕ್ಷೆ ಮಾಡೋಕೆ ಅವರನ್ನ ಯಾಕೆ ಪಣಕ್ಕಿಡ್ತೀಯ?"

ತಮ್ಮ ಚಪ್ಪಲಿ ಮೆಟ್ಟಿ ಹೊರಗೆ ಹೊರಟುಹೋದ.

ಪಾಸ್ಟರು ಶಾಲೆಗೆ ಫೋನ್ ಮಾಡಿದರು. ಯಾರೂ ಎತ್ತಲಿಲ್ಲ. ಹೊರಡುವಾಗ ಮೆಟ್ಟಿಲ ಮೇಲೆ ನಿಂತು, "ತಮ್ಮನಿಗೆ ನೀನು ಹೇಳಿದ್ದೆಲ್ಲ ನಿಜ ಅಮ್ಮಾ. ಆದ್ರೆ ಕಲ್ಲು ಬೀಸಿದ ಹಾಗೆ ಹೇಳಿದೀಯ. ಅವನು ಉಳೀಲಿ ಅಂತ ಹೇಳ್ತಿದೀಯೋ, ನೀನು ಗೆಲ್ಲಬೇಕು ಅಂತಲೋ? ಅದನ್ನೂ ನೋಡ್ಕೋ," ಎಂದರು.

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. "ಮಕ್ಕಳ ಜೀವ ಹೋಗೋ ಹೊತ್ತಲ್ಲಿ ನನ್ನ ದನಿ ತಿದ್ದುಕೊಂಡು ಕೂರ್ಲಾ?"

"ಬೇಡ. ಬಸ್ ನಿಲ್ಲಲೇಬೇಕು. ಬೆಳಿಗ್ಗೆ ನಾನು ಹೆಡ್ಮಾಸ್ಟರ ಮನೆಗೆ ಹೋಗ್ತೀನಿ, ನೀನು ಬಸ್ ಶೆಡ್ಡಿಗೆ ಹೋಗು. ಆದ್ರೆ ಬಸ್ ನಿಲ್ಸೋಕೆ ಹೋಗಿ ತಮ್ಮನ್ನ ಕಳ್ಕೋಬೇಡ."

ಬೆಳಿಗ್ಗೆ ಶೆಡ್ಡಿನ ಮೇಲ್ವಿಚಾರಕ ಅವಳ ಮಾತನ್ನು ಪೂರ್ತಿ ಕೇಳಲೂ ಇಲ್ಲ. "ಅಕ್ಕ ತಮ್ಮನ ಜಗಳ ಇಲ್ಲಿಗೆ ತರಬೇಡಿ. ಗಾಡಿ ಓಡಿಸೋಕೆ ಡಾಕ್ಟರೇ ಅವನನ್ನ ಪಾಸ್ ಮಾಡಿದಾರೆ. ಈಗ ಬದಲಿ ಡ್ರೈವರನ್ನ ಎಲ್ಲಿಂದ ತರ್ಲಿ?"

ಅವಳು ಕೈ ಮುಗಿದಳು, ಕೂಗಾಡಿದಳು. ಡೀಸೆಲ್ ಹೊಗೆಯಲ್ಲಿ ಉಳಿದ ಡ್ರೈವರುಗಳು ನಿಂತು ತಮಾಷೆ ನೋಡಿದರು. ತಮ್ಮನ ಬಸ್ ಆಗಲೇ ಹಿಂದಕ್ಕೆ ಸರಿಯುತ್ತಿತ್ತು. ಅಕ್ಕ ಓಡಿಹೋಗಿ ಬಾಗಿಲ ಕಂಬಿ ಹಿಡಿದು ಹತ್ತಿಬಿಟ್ಟಳು.

"ಇಳಿ," ಎಂದ ತಮ್ಮ.

"ಇಳಿಯಲ್ಲ."

ಅವನು ಹಲ್ಲು ಕಚ್ಚಿ ಬಸ್ಸನ್ನು ರಸ್ತೆಗೆ ತಂದ. ಹಿಂದೆ ಖಾಲಿ ಸೀಟುಗಳು ಗಡಗಡ ಅಲುಗುತ್ತಿದ್ದವು. ಅಕ್ಕನ ಬಾಯಿಗೆ ಬೈಗುಳವೇ ಬಂದಿತ್ತು. ಕನ್ನಡಿಯಲ್ಲಿ ಅವನ ಕಣ್ಣು ಕಂಡಿತು. ಅಮ್ಮ ತೀರಿಹೋದ ದಿನ ಅವಳ ಮಡಿಲಲ್ಲಿ ಮುಖ ಹುದುಗಿಸಿದ್ದ ಹುಡುಗನ ಕಣ್ಣು. ಅವಳು ಬೈಗುಳ ನುಂಗಿ ಅವನ ಪಕ್ಕಕ್ಕೆ ಬಂದಳು.

"ಸುಳ್ಳುಗಾರ ಅಂದೆ, ತಪ್ಪಾಯ್ತು ಕಣೋ. ಹೆದರಿಕೆಗೆ ಅಂದೆ. ಈಗ ಬೈತಿಲ್ಲ, ಬೇಡ್ಕೊತಿದೀನಿ. ನಿಲ್ಸು."

"ಇದನ್ನೂ ಕಿತ್ಕೊಂಡ್ರೆ ನಂಗೇನು ಉಳಿಯುತ್ತೆ ಅಕ್ಕ?"

"ಗೊತ್ತಿಲ್ಲ ಕಣೋ," ಎಂದಳು. "ನೀನು ನಿಲ್ಸದೇ ಹೋದ್ರೆ ನಾನು ಇಲ್ಲೇ ಕೂತಿರ್ತೀನಿ. ಹತ್ತೋ ಒಂದೊಂದು ಮಗುವಿನ ಅಮ್ಮನಿಗೂ ಬಾಗಿಲಲ್ಲೇ ಹೇಳ್ತೀನಿ. ನೀನೇ ಹೇಳಿದ್ರೆ ನಿಂಗೆ ಒಳ್ಳೇದು."

ಮೊದಲ ಗೇಟಿನ ಮುಂದೆ ಒಬ್ಬಳು ಪುಟ್ಟಿ ಲೇಸ್ ಕಟ್ಟದ ಶೂನಲ್ಲೇ ಅಮ್ಮನ ಕೈ ಹಿಡಿದು ನಿಂತಿದ್ದಳು. ಬಸ್ ಕಂಡದ್ದೇ ಕೈ ಬೀಸಿದಳು. ತಮ್ಮ ಅಷ್ಟು ದೂರದಲ್ಲೇ ಬ್ರೇಕ್ ಒತ್ತಿ ಇಂಜಿನ್ ಆರಿಸಿದ. ಕೈ ಸ್ಟೇರಿಂಗ್ ಬಿಟ್ಟು ಬರುತ್ತಿರಲಿಲ್ಲ. ಅಕ್ಕ ಒಂದೊಂದೇ ಬೆರಳನ್ನು ಬಿಡಿಸಿದಳು.

ಅವನೇ ಇಳಿದು ಹೋದ. "ಮಗೂನ ಹತ್ತಿಸಬೇಡಿ ಅಮ್ಮಾ," ಎಂದು ಆ ತಾಯಿಗೆ ಹೇಳಿದ. "ನಂಗೆ ಫಿಟ್ಸ್ ಬರುತ್ತೆ. ಮುಚ್ಚಿಟ್ಟಿದ್ದೆ."

ಆಕೆ ಮಗಳನ್ನು ತಟ್ಟನೆ ಹಿಂದಕ್ಕೆಳೆದುಕೊಂಡಳು. "ಇಷ್ಟು ದಿನ ಇದರಲ್ಲೇ ಕಳಿಸಿದ್ನಲ್ಲಾ ನಾನು!" ಎಂದು ಕಿರುಚಿದಳು. ಪುಟ್ಟಿ ಏನೂ ಅರ್ಥವಾಗದೆ, "ಮಾಮ, ಹೋಗೋಣ್ವಾ?" ಎನ್ನುತ್ತಲೇ ಇದ್ದಳು. ಅವನು ಅಲ್ಲೇ ರಸ್ತೆ ಬದಿಯಲ್ಲಿ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ.

ಪಾಸ್ಟರ ಮಾತು ಕೇಳಿ ಹೆಡ್ಮಾಸ್ಟರು ಬೇರೆ ಬಸ್ ಕಳಿಸಿದರು. ತಮ್ಮನ ಕೆಲಸ ಹೋಯಿತು. ಬೀದಿಯಲ್ಲಿ ಕಂಡರೆ ಕೆಲವರು ಮಕ್ಕಳ ಕೈ ಹಿಡಿದು ಆಚೆ ಬದಿಗೆ ದಾಟುತ್ತಿದ್ದರು. ಪಾಸ್ಟರು ಅವನನ್ನು ತಾವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬರುತ್ತಿದ್ದರು. ಮಾತ್ರೆ ನುಂಗಿದರೂ ಒಮ್ಮೊಮ್ಮೆ ಬೀಳುತ್ತಿದ್ದ. ಅಕ್ಕನ ಜೊತೆ ಮಾತು ಬಿಟ್ಟ, ಪ್ರಾರ್ಥನೆಗೆ ಕರೆದರೆ ಗೋಡೆ ಕಡೆ ಹೊರಳಿ ಮಲಗುತ್ತಿದ್ದ.

ಮಾಡಿದ್ದು ಸರಿ ಎಂದು ಅಕ್ಕನಿಗೆ ಗೊತ್ತಿತ್ತು. ಆದರೂ ಬೆಳಗಿನ ಹೊತ್ತು ಶಾಲೆಯ ಬಸ್ಸಿನ ಹಾರ್ನ್ ಕೇಳಿ ಅವನು ಕೋಣೆಯ ಬಾಗಿಲು ಹಾಕಿಕೊಂಡಾಗ, ದೇವರ ಮುಂದೆ ಅವಳಿಗೆ ಒಂದು ಮಾತೂ ಹೊರಡುತ್ತಿರಲಿಲ್ಲ. ಒಂದು ದಿನ ಒಳಗಿನಿಂದ ಅಳು ಕೇಳಿಸಿತು. ಅವಳು ಬಾಗಿಲಿಗೆ ಹಣೆಯಾನಿಸಿ, "ನಾನಿಲ್ಲೇ ಇದೀನಿ ಕಣೋ," ಎಂದಷ್ಟೇ ಹೇಳಿ ನೆಲದ ಮೇಲೆ ಕೂತಳು.

ಬಹಳ ಹೊತ್ತಿನ ಮೇಲೆ ಚಿಲಕ ಸರಿಯಿತು. ತಮ್ಮ ಹೊರಗೆ ಬಂದು ಅವಳ ಪಕ್ಕದಲ್ಲಿ ಕೂತ.